ಫೋನು ಮೇಷ್ಟ್ರದ್ದು, ಕರೆನ್ಸಿ ಮೇಷ್ಟ್ರದ್ದು, ಕೆಲಸ ಮಾತ್ರ ಸರ್ಕಾರದ್ದು

‘ಏನ್ ಮೇಷ್ಟ್ರೆ, ಯಾವಾಗ್ ನೋಡುದ್ರೂ ಫೋನ್ ಒತ್ಕಂಡ್ ಕುಂತಿರ್ತೀರಲ್ಲ, ಮಕ್ಕಳಿಗೆ ಪಾಠ ಮಾಡೋರ್ ಯಾರು?’

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವ ಊರಿನ ಅರಳಿಕಟ್ಟೆ ಮೇಲೆ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ಮೇಲೆ ನಮಗೆ ಸಿಟ್ಟಿಲ್ಲ. ಮಗೂನ ಶಾಲೆಗೆ ಬಿಟ್ಟು ಗದ್ದೆಗೆ ಹೋಗುವವರು ಕಿಟಕಿಯಲ್ಲಿ ಇಣುಕಿದಾಗ ಕಾಣುವುದು ಬಗ್ಗಿದ ತಲೆ, ಕೈಯಲ್ಲಿ ಫೋನು. ರೀಲ್ಸ್ ನೋಡುತ್ತಿದ್ದಾರೆ ಎಂದುಕೊಂಡರೆ ಅವರ ತಪ್ಪೇನು? ಆದರೆ ಆ ಫೋನಿನ ಒಳಗೆ ಏನಿದೆ, ಅದನ್ನು ಕೊಂಡವರು ಯಾರು, ಅದಕ್ಕೆ ಕರೆನ್ಸಿ ಹಾಕಿಸುವವರು ಯಾರು ಎಂದು ಊರಲ್ಲಿ ಯಾರೂ ಕೇಳುತ್ತಿಲ್ಲ. ಈ ಸಲ ನಾವು ಬರೆಯುತ್ತಿರುವುದು ಅದನ್ನೇ.

ಮೊದಲು ಫೋನಿನ ಒಳಗೆ ಏನಿದೆ ನೋಡೋಣ. ಎಸ್‌ಎಟಿಎಸ್ ಎಂದರೆ ಪ್ರತಿ ಮಗುವಿಗೂ ಒಂದು ನಂಬರು. ದಾಖಲಾತಿ, ಹಾಜರಿ, ಅಂಕ, ಟಿಸಿ ಎಲ್ಲವೂ ಅದರಲ್ಲೇ. ಯುಡೈಸ್ ಪ್ಲಸ್ ಕೇಂದ್ರ ಸರ್ಕಾರದ್ದು. ಶಾಲೆಯಲ್ಲಿ ಎಷ್ಟು ಕೊಠಡಿ, ಎಷ್ಟು ಶೌಚಾಲಯ, ಎಷ್ಟು ಮಕ್ಕಳು ಎಂದು ಅದರಲ್ಲಿ ಇನ್ನೊಂದು ಸಲ ತುಂಬಬೇಕು. ಬಿಸಿಯೂಟ ಎಷ್ಟು ಮಕ್ಕಳು ಉಂಡರು ಎಂಬುದಕ್ಕೆ ಬೇರೆ ಲೆಕ್ಕ. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂಬುದು ಇನ್ನೊಂದು ಲೆಕ್ಕ. ದೀಕ್ಷಾದಲ್ಲಿ ಮೇಷ್ಟ್ರುಗಳ ಸ್ವಂತ ತರಬೇತಿ, ಅದರ ಸರ್ಟಿಫಿಕೇಟು. ಮಕ್ಕಳಿಗೆ ಅಪಾರ್ ಐಡಿ. ಬಿಎಲ್‌ಒ ಕೆಲಸ ಹೆಗಲಿಗೆ ಬಿದ್ದಿದ್ದರೆ ಮತದಾರರ ಪಟ್ಟಿಯ ಆ್ಯಪು. ಇವೆಲ್ಲದರ ಮೇಲೆ ಕ್ಲಸ್ಟರಿನ ವಾಟ್ಸ್ಆ್ಯಪ್ ಗುಂಪು. ‘ಕೂಡಲೇ ಕಳಿಸಿ’, ‘ಮಧ್ಯಾಹ್ನದೊಳಗೆ ಕಳಿಸಿ’, ‘ಫೋಟೊ ಸಮೇತ ಕಳಿಸಿ’. ಗಿಡ ನೆಟ್ಟರೂ ಫೋಟೊ, ಕೈ ತೊಳೆದರೂ ಫೋಟೊ.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರ ಹುದ್ದೆ ಇಲ್ಲ ಎಂಬುದು ನಿಮಗೆ ಗೊತ್ತಿರಲಿ. ಸೊಸೈಟಿಗೆ ಗುಮಾಸ್ತರಿದ್ದಾರೆ, ಹಾಲಿನ ಡೈರಿಗೆ ಕಾರ್ಯದರ್ಶಿ ಇದ್ದಾರೆ, ಪಂಚಾಯಿತಿಗೆ ಡೇಟಾ ಎಂಟ್ರಿ ಆಪರೇಟರ್ ಇದ್ದಾರೆ. ನಾಲ್ಕು ಸರ್ಕಾರಿ ಜಾಲತಾಣಗಳಿಗೆ ದಿನಾ ಲೆಕ್ಕ ಒಪ್ಪಿಸುವ ಶಾಲೆಗೆ ಯಾರೂ ಇಲ್ಲ. ಮೇಷ್ಟ್ರೇ ಗುಮಾಸ್ತರು, ಮೇಷ್ಟ್ರೇ ಆಪರೇಟರು, ಮಿಕ್ಕ ಹೊತ್ತಿನಲ್ಲಿ ಮೇಷ್ಟ್ರು.

ಒಂದು ಲೆಕ್ಕ ಹಾಕೋಣ. 60 ಮಕ್ಕಳವರೆಗೆ ಇರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು ಎನ್ನುವುದೂ ಅದೇ ಕಾಯ್ದೆ. ಆ ಇಬ್ಬರಲ್ಲಿ ಒಬ್ಬರು ದಿನಕ್ಕೆ ಒಂದು ಗಂಟೆ ಫೋನಿಗೆ ಕೊಟ್ಟರು ಎಂದಿಟ್ಟುಕೊಳ್ಳಿ. ಸರ್ವರ್ ಚೆನ್ನಾಗಿದ್ದ ದಿನದ ಲೆಕ್ಕ ಇದು. 200 ದಿನಕ್ಕೆ 200 ಗಂಟೆ. ಒಬ್ಬ ಮೇಷ್ಟ್ರ 800 ಗಂಟೆಯಲ್ಲಿ ಕಾಲುಭಾಗ ಹೋಯಿತು. ಇನ್ನೊಬ್ಬರು ಐದೂ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಸುಮ್ಮನಿರಿಸುತ್ತಾರೆ, ಅಷ್ಟೆ. ಹೋದದ್ದು ನಿಮ್ಮ ಮಗುವಿನ ಗಂಟೆಗಳು. ಇಲಾಖೆಯ ಯಾವ ಆ್ಯಪಿನಲ್ಲೂ ಈ ಗಂಟೆಯನ್ನು ತುಂಬುವ ಕಾಲಂ ಇಲ್ಲ.

ಈಗ ಫೋನು ಯಾರದ್ದು ಎಂಬ ಪ್ರಶ್ನೆ. ಮೇಷ್ಟ್ರದ್ದು. ಸ್ವಂತ ದುಡ್ಡಿನದ್ದು. ಅಂಗಡಿಯಲ್ಲಿ ಕಂತಿನ ಮೇಲೆ ತಂದದ್ದೂ ಇರಬಹುದು, ಮಗನ ಹಳೇ ಫೋನೂ ಇರಬಹುದು. ಇಲಾಖೆ ಆ್ಯಪನ್ನು ‘ಅಪ್‌ಡೇಟ್’ ಮಾಡುತ್ತದೆ. ಮೇಷ್ಟ್ರ ಫೋನು ಅಪ್‌ಡೇಟ್ ಆಗುವುದಿಲ್ಲ. ನಾಲ್ಕೈದು ವರ್ಷದ ಫೋನಿನಲ್ಲಿ ಹೊಸ ಆ್ಯಪು ಕೂರುವುದೇ ಇಲ್ಲ, ಕೂತರೆ ಜಾಗ ಸಾಲದೆ ಮನೆ ಮಕ್ಕಳ ಫೋಟೊ ಅಳಿಸಬೇಕು. ತಂತ್ರಜ್ಞಾನ ಮೇಲ್ದರ್ಜೆಗೆ ಏರಿಸುತ್ತೇವೆ ಎಂದು ವಿಧಾನಸೌಧದಲ್ಲಿ ಹೇಳಿದಾಗ ಏರಿದ್ದು ಏನು ಎಂದು ಹುಡುಕಿದರೆ, ಮೇಷ್ಟ್ರ ಮನೆಯ ಖರ್ಚು.

ಕರೆನ್ಸಿ ಲೆಕ್ಕ ನಿಮಗೂ ಗೊತ್ತಿದೆ. 2024ರ ಜುಲೈನಲ್ಲಿ ಕಂಪನಿಗಳೆಲ್ಲ ಒಟ್ಟಿಗೆ ದರ ಏರಿಸಿದವು. ಜಿಯೋದಲ್ಲಿ 239 ಇದ್ದ 28 ದಿನದ ಪ್ಯಾಕು 299 ಆಯಿತು. ಇವರ ಪಂಚಾಂಗದಲ್ಲಿ ತಿಂಗಳೆಂದರೆ 28 ದಿನ, ವರ್ಷಕ್ಕೆ 13 ತಿಂಗಳು. 299ನ್ನು 13ರಿಂದ ಗುಣಿಸಿದರೆ 3,887 ರೂಪಾಯಿ. ಇಬ್ಬರು ಮೇಷ್ಟ್ರಿಗೆ 7,774.

ಶಾಲೆಗೆ ಅನುದಾನ ಬರುತ್ತದಲ್ಲ, ಅದರಲ್ಲಿ ಕೊಡಲಿ ಎನ್ನಬಹುದು. ಸಮಗ್ರ ಶಿಕ್ಷಣದಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000. ಸೀಮೆಸುಣ್ಣ, ರಿಜಿಸ್ಟರು, ಆಟದ ಸಾಮಾನು, ಪಾಠೋಪಕರಣ, ಸಣ್ಣಪುಟ್ಟ ರಿಪೇರಿ ಎಲ್ಲಕ್ಕೂ ಅದೇ ದುಡ್ಡು. ಇಂಟರ್ನೆಟ್ಟಿಗೂ ಅದರಲ್ಲೇ ಎಂದು ಕಾಗದದಲ್ಲಿ ಬರೆದಿದ್ದಾರೆ. ಹತ್ತು ಸಾವಿರದಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಇಡಬೇಕು. ಉಳಿದ 9,000ದಲ್ಲಿ ಇಬ್ಬರ ಕರೆನ್ಸಿ ಕಳೆದರೆ ಕೈಯಲ್ಲಿ 1,226 ರೂಪಾಯಿ. ಅಷ್ಟರಲ್ಲಿ ಒಂದು ವರ್ಷ ಶಾಲೆ ನಡೆಸಿ ತೋರಿಸಲಿ ಯಾರಾದರೂ. ಹಾಗಾಗಿ ಯಾವ ಮುಖ್ಯ ಶಿಕ್ಷಕರೂ ಕರೆನ್ಸಿಯನ್ನು ಆ ಲೆಕ್ಕಕ್ಕೆ ಬರೆಯಲು ಹೋಗುವುದಿಲ್ಲ. ಜೇಬಿಂದ ಹಾಕುತ್ತಾರೆ, ಸುಮ್ಮನಿರುತ್ತಾರೆ.

ಖಾಯಂ ಮೇಷ್ಟ್ರಿಗಾದರೂ ಸಂಬಳ ಇದೆ ಎನ್ನಿ. ಅತಿಥಿ ಶಿಕ್ಷಕರ ಕತೆ ಏನು? 2025-26ರ ಬಜೆಟ್ಟಿನಲ್ಲಿ 2,000 ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಶಾಲೆಯಲ್ಲಿ ವಯಸ್ಸು ಚಿಕ್ಕದು, ‘ನಿಂಗೆ ಕಂಪ್ಯೂಟ್ರು ಗೊತ್ತಲ್ಲಮ್ಮ’ ಎಂದು ಡೇಟಾ ಎಂಟ್ರಿ ಬೀಳುವುದು ಬಹಳ ಕಡೆ ಇವರ ತಲೆಗೇ. ಒಂದು ಒಳ್ಳೆಯ ಫೋನಿಗೆ ಒಂದು ತಿಂಗಳ ಗೌರವಧನ ಪೂರ್ತಿ ಬೇಕು.

ಇಲ್ಲಿ ನಮ್ಮದೂ ಒಂದು ಮಾತು. ನಾವು ಈ ಜಿಲ್ಲೆಯ ಬಿಡಿ ವರದಿಗಾರರು. ಸ್ವಂತ ಫೋನು, ಸ್ವಂತ ಬೈಕು, ಸ್ವಂತ ಪೆಟ್ರೋಲು, ಅಚ್ಚಾದ ಸುದ್ದಿಗೆ ಇಷ್ಟು ಎಂಬ ಕೂಲಿ. ಸ್ವಂತ ಫೋನಿನಲ್ಲಿ ಬೇರೆಯವರ ಕೆಲಸ ಮಾಡುವುದೆಂದರೇನು ಎಂದು ನಮಗೆ ಪುಸ್ತಕ ನೋಡಿ ತಿಳಿಯಬೇಕಾದ್ದಿಲ್ಲ.

ಸರ್ಕಾರಕ್ಕೆ ಇದು ತಿಳಿಯದ ವಿಷಯವೂ ಅಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ನಮ್ಮ ಹಳೇ ವಿಲೇಜ್ ಅಕೌಂಟೆಂಟರು, ರಾಜ್ಯದ ತಾಲ್ಲೂಕು ಕಚೇರಿಗಳ ಮುಂದೆ ಧರಣಿ ಕೂತದ್ದು ನೆನಪಿದೆಯೇ? ಅವರ ದೂರು ಇದೇ. ಹತ್ತಾರು ಆ್ಯಪು ಕೊಟ್ಟಿದ್ದೀರಿ, ಫೋನು ಕೊಟ್ಟಿಲ್ಲ, ಲ್ಯಾಪ್‌ಟಾಪ್ ಕೊಟ್ಟಿಲ್ಲ, ಕೂರಲು ಕಚೇರಿ ಇಲ್ಲ. ಆ್ಯಪಿನ ಕೆಲಸ ನಿಲ್ಲಿಸಿದರು. 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಕಂದಾಯ ಇಲಾಖೆ ಲ್ಯಾಪ್‌ಟಾಪ್ ಹಂಚಲು ಮುಂದಾಯಿತು. ಪಹಣಿ ನೋಡುವವರಿಗೆ ಲ್ಯಾಪ್‌ಟಾಪ್ ಬೇಕು ಎಂದು ಒಪ್ಪಿಕೊಂಡ ಸರ್ಕಾರ, ಮಗುವಿನ ದಾಖಲೆ ನೋಡುವವರಿಗೆ ಬೇಡ ಎಂದು ಯಾವ ಬಾಯಲ್ಲಿ ಹೇಳುತ್ತದೆ? ಮೇಷ್ಟ್ರುಗಳು ಹಾಗೆ ಕೂರುವುದಿಲ್ಲ ಎಂಬ ಧೈರ್ಯ ಅಷ್ಟೆ. ಪಕ್ಕದ ಆಂಧ್ರದಲ್ಲಿ 2022ರಲ್ಲಿ ಮುಖ ತೋರಿಸಿ ಹಾಜರಿ ಹಾಕುವ ಆ್ಯಪು ತಂದಾಗ ಅಲ್ಲಿನ ಶಿಕ್ಷಕರು ಸ್ವಂತ ಫೋನಿಗೆ ಹಾಕಿಕೊಳ್ಳುವುದಿಲ್ಲ, ಉಪಕರಣ ಕೊಡಿ ಎಂದು ತಿರುಗಿಬಿದ್ದಿದ್ದರು. ಈಗ ನಮ್ಮಲ್ಲೂ ಮಕ್ಕಳ ಹಾಜರಿಯನ್ನು ಮುಖ ಗುರುತಿಸಿ ಹಾಕುವ ಮಾತು 2025ರಿಂದ ನಡೆದಿದೆ. ಮುಖ ಹಿಡಿಯುವ ಕ್ಯಾಮೆರಾ ಯಾರ ಫೋನಿನದು ಎಂದು ಸಂಘಗಳು ಈಗಲೇ ಕೇಳಿದರೆ ಒಳ್ಳೆಯದು. ಆಮೇಲೆ ಕೇಳಿದರೆ ಆದೇಶ ಬಂದಾಗಿದೆ ಎನ್ನುತ್ತಾರೆ.

2025ರ ದಸರಾ ರಜೆ ಹೇಗೆ ಹೋಯಿತು ನೋಡಿ. ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ ಬೇಸಿಗೆ ರಜೆಯಲ್ಲಿ ಆಗಿತ್ತು. ಎರಡಕ್ಕೂ ಮನೆ ಮನೆ ಸುತ್ತಿದವರಲ್ಲಿ ಹೆಚ್ಚಿನವರು ಮೇಷ್ಟ್ರು, ಮೇಡಮ್ಮುಗಳು. ಸಮೀಕ್ಷೆಗಳು ಬೇಕು ಎನ್ನುವವರೇ ನಾವು. ನಮ್ಮ ಕೇರಿಯ ಲೆಕ್ಕ ಸರಿಯಾಗಿ ಸಿಗದೆ ನ್ಯಾಯ ಸಿಗುವುದಿಲ್ಲ. ಆದರೆ ಆ್ಯಪು ತೆರೆಯಲಿಲ್ಲ, ಒಟಿಪಿ ಬರಲಿಲ್ಲ, ಸರ್ವರು ಬಿತ್ತು, ಕರೆಂಟ್ ಮೀಟರ್ ನೋಡಿ ಅಂಟಿಸಿದ ಚೀಟಿಯ ಮನೆ ಹುಡುಕಿದರೆ ಮ್ಯಾಪು ಇನ್ನೆಲ್ಲಿಗೋ ಕರೆದೊಯ್ಯಿತು. ರಾಜ್ಯದ ತುಂಬ ಇದೇ ದೂರು. 60 ಪ್ರಶ್ನೆ ಕೇಳುವಷ್ಟರಲ್ಲಿ ಫೋನಿನ ಚಾರ್ಜು ಇಳಿಯುತ್ತಿತ್ತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು ಮುಗಿಯದೆ, 8ರಿಂದ 18ರವರೆಗೆ ಶಾಲೆಗಳಿಗೇ ರಜೆ ಕೊಟ್ಟರು. ಆ್ಯಪು ಕೆಟ್ಟದ್ದಕ್ಕೆ ದಂಡ ತೆತ್ತವರು ಮಕ್ಕಳು.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಒಮ್ಮೆ ಓದಿ. ಶಿಕ್ಷಕರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕುವಂತಿಲ್ಲ, ಮೂರನ್ನು ಬಿಟ್ಟು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ರಾಜ್ಯದ ಸಮೀಕ್ಷೆ ಈ ಮೂರರಲ್ಲಿ ಎಲ್ಲಿ ಬರುತ್ತದೆ ಎಂದು ಯಾರಾದರೂ ತಿಳಿದವರು ಹೇಳಬೇಕು. ಮುಂದೆ 2027ರ ಜನಗಣತಿ ಇದೆ, ಅದರ ಮನೆಪಟ್ಟಿ ಕೆಲಸಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಎಂದು ಗೊತ್ತು ಮಾಡಿದ್ದಾರೆ. ದೇಶದ ಮೊದಲ ಡಿಜಿಟಲ್ ಗಣತಿ ಎಂದು ಡಂಗುರ. ಅದು ಕಾನೂನಿನೊಳಗೇ ಬರುತ್ತದೆ, ಮೇಷ್ಟ್ರನ್ನು ಕರೆಯುವ ಹಕ್ಕು ಸರ್ಕಾರಕ್ಕಿದೆ. ಮೇಷ್ಟ್ರ ಫೋನನ್ನೂ ಕರೆಯಬಹುದು ಎಂದು ಆ ಸೆಕ್ಷನ್ನಿನಲ್ಲಿ ಎಲ್ಲೂ ಇಲ್ಲ. ಗಣತಿದಾರರು ತಮ್ಮ ತಮ್ಮ ಫೋನಿಗೇ ಆ್ಯಪು ಹಾಕಿಕೊಳ್ಳಬೇಕು ಎಂಬುದು ಮಾತ್ರ ಆಗಲೇ ನಿರ್ಧಾರವಾಗಿದೆ.

ಹೆಸರಿನ ಗೋಳು ಹೇಳದಿದ್ದರೆ ಈ ಕತೆ ಅರ್ಧವಾಗುತ್ತದೆ. ಊರಲ್ಲಿ ಮಗೂಗೆ ನಿಂಗೇಗೌಡ ಎಂದು ಹೆಸರಿಟ್ಟರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕನ್ನಡದಲ್ಲಿ ಚೆಂದಾಗಿ ನಿಂಗೇಗೌಡ ಎಂದೇ ಇದೆ. ಆಧಾರಿನಲ್ಲಿ ಇಂಗ್ಲಿಷಿನಲ್ಲಿ ಬರೆದವರು ‘ಗೇ’ಗೆ ಒಂದು ‘ಇ’ ಹಾಕಿದರು, ಎಸ್‌ಎಟಿಎಸ್‌ನಲ್ಲಿ ಎರಡು ‘ಇ’ ಬಿತ್ತು. ಒಂದು ಕಡೆ ನಿಂಗೇ, ಗೌಡ ಬಿಡಿ ಬಿಡಿ, ಇನ್ನೊಂದು ಕಡೆ ಒಟ್ಟಿಗೆ. ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಒಂದರಲ್ಲಿ ಇಲ್ಲವೇ ಇಲ್ಲ. ಕನ್ನಡದಲ್ಲಿ ಒಂದೇ ಹೆಸರು, ಕಂಪ್ಯೂಟರಿಗೆ ಮೂವರು ಹುಡುಗರು. ಅಪಾರ್ ಐಡಿ ಮಾಡಲು ಹೋದರೆ ಹೊಂದಾಣಿಕೆ ಆಗುವುದಿಲ್ಲ. ಮೇಷ್ಟ್ರು ಅಪ್ಪನಿಗೆ ಫೋನ್ ಮಾಡುತ್ತಾರೆ, ಆಧಾರ್ ತಿದ್ದಿಸಿಕೊಂಡು ಬನ್ನಿ. ಅಪ್ಪ ಒಂದು ದಿನದ ಕೂಲಿ ಬಿಡಬೇಕು, ನರೇಗಾ ದರದಲ್ಲೇ ಹಿಡಿದರೂ 370 ರೂಪಾಯಿ. ತಿದ್ದುಪಡಿಗೆ 2025ರ ಅಕ್ಟೋಬರಿನಿಂದ 75 ರೂಪಾಯಿ. ಅವ್ವ ಹೋದರೆ ಬಸ್ಸು ಫ್ರೀ, ಅದೊಂದು ಉಳಿತಾಯ. ಅಲ್ಲಿ ಟೋಕನ್ ಮುಗಿದಿದ್ದರೆ ನಾಳೆ ಮತ್ತೆ. ಮನೆಯವರ ಸಿಟ್ಟು ಬರುವುದು ದಿಲ್ಲಿಯ ಮೇಲೋ ಬೆಂಗಳೂರಿನ ಮೇಲೋ? ಎದುರಿಗೆ ಸಿಗುವ ಮೇಷ್ಟ್ರ ಮೇಲೆ.

2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕನ್ನಡ ಶಾಲೆ ಉಳಿಸಿ ಎಂದು ವೇದಿಕೆ ಮೇಲೆ ಮಾತಾದವು. (ಊಟಕ್ಕೆ ಬಾಡು ಹಾಕಬೇಕೋ ಬೇಡವೋ ಎಂಬ ಜಗಳಕ್ಕೆ ಇದಕ್ಕಿಂತ ಹೆಚ್ಚು ಜಾಗ ಸಿಕ್ಕಿತು, ಇರಲಿ.) ಕನ್ನಡ ಶಾಲೆಯ ಮಗುವಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಗುರುತು ಹಿಡಿಯದ ಕಂಪ್ಯೂಟರಿನ ಬಗ್ಗೆ ಒಂದು ನಿರ್ಣಯ ಮಾಡಿದ್ದರೆ ನಮ್ಮ ಮೇಷ್ಟ್ರುಗಳಿಗೆ ಸಮ್ಮೇಳನ ಮನೆಬಾಗಿಲಿಗೆ ಬಂದಷ್ಟು ಸಂತೋಷವಾಗುತ್ತಿತ್ತು.

ಆ ಆಧಾರ್ ಕಾರ್ಡುಗಳ ಫೋಟೊ ಎಲ್ಲಿರುತ್ತದೆ ಎಂದು ಯೋಚಿಸಿದ್ದೀರಾ? ಮೇಷ್ಟ್ರ ಸ್ವಂತ ಫೋನಿನ ಗ್ಯಾಲರಿಯಲ್ಲಿ. ಅವರ ಮನೆಯ ಮದುವೆ ಫೋಟೊಗಳ ಪಕ್ಕ ನಿಮ್ಮ ಮಗಳ ಆಧಾರು, ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ನಿಮ್ಮ ಜಾತಿ ಪ್ರಮಾಣಪತ್ರ. ಫೋನು ಬಸ್ಸಿನಲ್ಲಿ ಕಳೆದರೆ, ರಿಪೇರಿಗೆ ಕೊಟ್ಟರೆ, ಎಕ್ಸ್‌ಚೇಂಜ್‌ಗೆ ಹಾಕಿದರೆ ಅವೆಲ್ಲ ಎಲ್ಲಿಗೆ ಹೋಗುತ್ತವೆ? 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಂದು ದೊಡ್ಡ ಹೆಸರಿನ ಕಾನೂನು ಮಾಡಿದರು. ಮಕ್ಕಳ ಮಾಹಿತಿಯನ್ನು ಎಚ್ಚರದಿಂದ ನೋಡಿಕೊಳ್ಳಬೇಕೆಂದು ಅದರಲ್ಲಿದೆ. ಸರ್ಕಾರವೇ ಆ ಮಾಹಿತಿಯನ್ನು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಇಡಿಸಿದೆ. ಅಂದಹಾಗೆ ಅಪಾರ್‌ಗೆ ನಿಮ್ಮ ಒಪ್ಪಿಗೆ ಪತ್ರ ಬೇಕು, ಅದು ನಿಮ್ಮಿಷ್ಟ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಸಹಿ ಹಾಕುವ ಮೊದಲು ಓದಿ, ಇಲ್ಲವೇ ಓದಿಸಿ ಕೇಳಿ.

ಮೇಷ್ಟ್ರುಗಳಿಗೆ ಕಂಪ್ಯೂಟರ್ ಬರುವುದಿಲ್ಲ, ಕೊಟ್ಟರೂ ಧೂಳು ಹಿಡಿಯುತ್ತದೆ ಎನ್ನುವವರಿದ್ದಾರೆ. ಧೂಳು ಹಿಡಿದದ್ದು ನಿಜ. ಯಾಕೆ ಎಂದು ನೋಡಬೇಕು. 2001ರಲ್ಲಿ ನಮ್ಮ ರಾಜ್ಯ ಮಾಹಿತಿ ಸಿಂಧು ಎಂದು 1,000 ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಿತು. ಕಂಪ್ಯೂಟರು ಕಂಪನಿಯದು, ಕಲಿಸುವವರು ಕಂಪನಿಯವರು, ಒಪ್ಪಂದ ಇಷ್ಟು ವರ್ಷಕ್ಕೆ ಎಂದು. ಒಪ್ಪಂದ ಮುಗಿದ ದಿನ ಕಲಿಸುವವರು ಮನೆಗೆ ಹೋದರು, ಪೆಟ್ಟಿಗೆಗಳು ಶಾಲೆಯಲ್ಲಿ ಉಳಿದವು. ಕನ್ನಡ, ಗಣಿತ ಹೇಳುವ ಮೇಷ್ಟ್ರಿಗೆ ಆ ಕೋಣೆಯ ಬೀಗದ ಕೈಯೇ ಸಿಕ್ಕಿರಲಿಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಎಜುಸ್ಯಾಟ್ ಉಪಗ್ರಹದ ಪಾಠ ಬರಲೆಂದು ಡಿಶ್ ಕೂರಿಸಿದ್ದರು. 2004ರ ಸೆಪ್ಟೆಂಬರಿನಲ್ಲಿ ಹಾರಿದ ಉಪಗ್ರಹ 2010ಕ್ಕೆ ನಿವೃತ್ತಿಯಾಯಿತು. ಮೇಷ್ಟ್ರಿಗೆ 60ಕ್ಕೆ, ಉಪಗ್ರಹಕ್ಕೆ ಆರಕ್ಕೆ.

ಅದೇ 2001ರಲ್ಲಿ ಕೇರಳ ಐಟಿ ಅಟ್ ಸ್ಕೂಲ್ ಎಂದು ಶುರು ಮಾಡಿತು. ಅವರು ಕಂಪನಿಯ ಕೈಗೆ ಕೊಡಲಿಲ್ಲ. ಮೇಷ್ಟ್ರುಗಳಿಗೇ ಕಲಿಸಿದರು, ಕಲಿತ ಮೇಷ್ಟ್ರುಗಳನ್ನೇ ಬೇರೆಯವರಿಗೆ ಕಲಿಸಲು ಹಾಕಿದರು, ದುಡ್ಡು ಕೊಡಬೇಕಾಗಿಲ್ಲದ ಮುಕ್ತ ತಂತ್ರಾಂಶ ಹಾಕಿದರು. ಅದೇ ಮುಂದೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. 2018ರಿಂದ 45,000 ತರಗತಿ ಕೋಣೆಗಳನ್ನು ಹೈಟೆಕ್ ಮಾಡಿದರು. ಲ್ಯಾಪ್‌ಟಾಪ್ ಕೆಟ್ಟರೆ ದೂರು ಕೊಡಲು ಕಾಲ್ ಸೆಂಟರ್ ಇದೆ, ರಿಪೇರಿ ತಡವಾದರೆ ಸರಬರಾಜು ಮಾಡಿದ ಕಂಪನಿಗೆ ದಂಡ ಬೀಳುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಈ ವ್ಯವಸ್ಥೆಯೊಳಗೇ ಇವೆ. ಕನ್ನಡ ನಾಡಿನ ಹೊರಗಿರುವ ಕನ್ನಡ ಶಾಲೆಯ ಮೇಷ್ಟ್ರಿಗೆ ಸಿಕ್ಕಿದ್ದು ಮಂಡ್ಯದ ಮೇಷ್ಟ್ರಿಗೆ ಸಿಗುವುದಿಲ್ಲ ಎಂದರೆ ಯಾರಿಗೆ ನಾಚಿಕೆಯಾಗಬೇಕು?

ನಮ್ಮ ಮೇಷ್ಟ್ರುಗಳು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಇಂದು ಇಡೀ ರಾಜ್ಯದ ಸಣ್ಣ ಮಕ್ಕಳು ಕಲಿಯುತ್ತಿರುವ ನಲಿ ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಕಾರ್ಡು, ಏಣಿ, ಗೆರೆ ಹಾಕಿ ಕಟ್ಟಿದ್ದು. ಪ್ರೌಢಶಾಲೆಯ ವಿಷಯ ಶಿಕ್ಷಕರು ಸೇರಿ ಕಂಪ್ಯೂಟರ್ ಕಲಿತು, ಕನ್ನಡದಲ್ಲಿ ಪಾಠದ ಸಾಮಗ್ರಿ ಬರೆದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಜಾಲತಾಣಕ್ಕೆ ಹಾಕಿದ್ದಾರೆ. 2016-17ರ ಸುಮಾರಿಗೆ ಟಾಲ್ಪ್ ಎಂಬ ಯೋಜನೆ ಬಂತು, ಡಯಟ್‌ಗಳಲ್ಲಿ ತರಬೇತಿ ಕೊಟ್ಟರು. ತರಬೇತಿಯನ್ನು ಮೆಚ್ಚಿಕೊಂಡವರು ಬಹಳ. ಕಲಿತು ಬಂದ ಮೇಲೆ ಕೈಯಿಡಲು ಒಂದು ಕಂಪ್ಯೂಟರು ಬೇಕಲ್ಲ? ಈಜು ಕಲಿಸಿ ಕೆರೆಯ ನೀರು ಬಿಟ್ಟಂತಾಯಿತು. ಇರುವ ಹಳೆಯ ಕಂಪ್ಯೂಟರುಗಳ ಗತಿಯೋ, ವಿಂಡೋಸ್ 7ಕ್ಕೆ ಕಂಪನಿಯ ಆರೈಕೆ ನಿಂತದ್ದು 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ ನಿಂತದ್ದು 2025ರ ಅಕ್ಟೋಬರಿನಲ್ಲಿ. ಪ್ರಶ್ನೆಪತ್ರಿಕೆಯನ್ನು ನುಡಿಯಲ್ಲಿ ಹೊಡೆದು, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸಿದ ಮುದ್ದೆಯಾಗುವ ಸಂಕಟ ಡಿಟಿಪಿ ಅಂಗಡಿಗೆ ಹೋದ ಮೇಷ್ಟ್ರಿಗೇ ಗೊತ್ತು.

ಆ್ಯಪುಗಳೇ ಬೇಡ ಎಂದು ನಾವು ಹೇಳುತ್ತಿಲ್ಲ. ಇಲ್ಲದ ಮಕ್ಕಳನ್ನು ಪುಸ್ತಕದಲ್ಲಿ ತೋರಿಸುವುದು ಎಸ್‌ಎಟಿಎಸ್ ಬಂದ ಮೇಲೆ ಕಷ್ಟವಾಯಿತು. ವರ್ಗಾವಣೆ ಕಂಪ್ಯೂಟರ್ ಮೂಲಕ ಕೌನ್ಸೆಲಿಂಗ್ ಆದ ಮೇಲೆ ಮೇಷ್ಟ್ರುಗಳು ಶಾಸಕರ ಮನೆಮುಂದೆ ಕಾಯುವುದು ತಪ್ಪಿತು, ಇದನ್ನು ಮೇಷ್ಟ್ರುಗಳೇ ಹೇಳುತ್ತಾರೆ. ಒಳ್ಳೆಯ ಯಂತ್ರ ಒಳ್ಳೆಯ ಕೆಲಸ ಮಾಡುತ್ತದೆ. ಯಂತ್ರದ ದುಡ್ಡನ್ನು ಯಂತ್ರ ಬೇಕೆಂದವರು ಕೊಡಲಿ ಎಂಬುದಷ್ಟೇ ನಮ್ಮ ತಕರಾರು.

ಇನ್ನು ಕೇಬಲ್ಲಿನ ಕತೆ. 2011ರಲ್ಲಿ ಕೇಂದ್ರ ಒಪ್ಪಿದ ಯೋಜನೆ, ಈಗಿನ ಹೆಸರು ಭಾರತ್‌ನೆಟ್. ಗ್ರಾಮ ಪಂಚಾಯಿತಿ ತನಕ ಫೈಬರ್ ಎಳೆಯುವುದು ಅದರ ಕೆಲಸ. ಎಷ್ಟೋ ಊರಲ್ಲಿ ಪಂಚಾಯಿತಿ ಕಚೇರಿಗೂ ಶಾಲೆಗೂ ನಡುವೆ ಒಂದು ಗೋಡೆ, ಒಂದು ಹುಣಸೆಮರ, ಅಷ್ಟೇ ದೂರ. ಕೇಬಲ್ಲು ಅಷ್ಟು ದೂರ ನಡೆಯಲಿಲ್ಲ. 2025ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಹಳ್ಳಿಯ ಎಲ್ಲ ಸರ್ಕಾರಿ ಪ್ರೌಢಶಾಲೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಭಾರತ್‌ನೆಟ್ ಕೊಡುತ್ತೇವೆ ಎಂದರು. ಪ್ರಾಥಮಿಕ ಶಾಲೆ ಆ ಮಾತಿನಲ್ಲಿ ಇಲ್ಲ. ನಮ್ಮ ಸಂಸದರು ಈಗ ದಿಲ್ಲಿಯಲ್ಲಿ ಸಚಿವರು. ಬೇರೆ ಖಾತೆಯವರಾದರೂ ಪಕ್ಕದ ಕುರ್ಚಿಯವರಿಗೆ ಒಂದು ಮಾತು ಹೇಳಲು ಅವರಿಗೆ ಕಷ್ಟವಾಗಲಾರದು. ರಾಜ್ಯದಲ್ಲಿ ಅಧಿಕಾರದಲ್ಲಿರುವವರು ಅದು ಕೇಂದ್ರದ್ದು ಎಂದು ಕೈ ತೋರಿಸಿ ಜಾರಿಕೊಳ್ಳುವುದೂ ಬೇಡ, ಎಸ್‌ಎಟಿಎಸ್ ಅವರದ್ದೇ ಕೂಸು.

ಮಳವಳ್ಳಿಯವರಿಗೆ ಇದೇನೂ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ನಮ್ಮ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು ನಮ್ಮ ಹೊಲಗಳ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ಕ್ಕೆ ಬೆಂಗಳೂರಿಗೆ ಹೋಯಿತು. ತಂತಿ ಕೆಳಗಿನ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಬಹಳ ಕಾಲ ಓದಿದವು. ಮುತ್ತತ್ತಿಯ ಕಾಡಂಚಿನ ಕಡೆ ಇವತ್ತು ಫೋನಿನ ಗೆರೆ ಹುಡುಕಿಕೊಂಡು ಓಡಾಡುವವರಿಗೆ ಇದು ಅಜ್ಜನ ಕಾಲದ ಕತೆ ಎನಿಸುವುದಿಲ್ಲ.

ಕರೆಂಟಿನ ಬಿಲ್ಲಾದರೂ ಸ್ವಲ್ಪ ಹಗುರವಾಗಿದೆ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ಮುಖ್ಯಮಂತ್ರಿ ಹೇಳಿದರು. ಒಳ್ಳೆಯದಾಯಿತು. ಕರೆಂಟು ಉಚಿತ ಮಾಡಿದವರು ಆ ಪ್ಲಗ್ಗಿಗೆ ಸಿಕ್ಕಿಸಲು ಒಂದು ಕಂಪ್ಯೂಟರನ್ನೂ ಕೊಡಬಹುದಿತ್ತು.

ನಮಗೆ ಬೇಕಾದದ್ದು ದೊಡ್ಡದಲ್ಲ. ಮಂಡ್ಯ ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಯ ವಲಯಗಳು ಎಂಟು, ಮಂಡ್ಯ ಉತ್ತರ, ದಕ್ಷಿಣ ಎರಡೂ ಸೇರಿ. ಮೊದಲು ಪ್ರತಿ ಶಾಲೆಗೂ ಶಾಲೆಯ ಹೆಸರಿನಲ್ಲೇ ಒಂದು ಉಪಕರಣ ಬರಲಿ, ಟ್ಯಾಬೋ ಲ್ಯಾಪ್‌ಟಾಪೋ. ಮೇಷ್ಟ್ರು ವರ್ಗವಾದರೂ ಅದು ಶಾಲೆಯ ಬೀರುವಿನಲ್ಲಿ ಉಳಿಯಬೇಕು, ಮಕ್ಕಳ ದಾಖಲೆ ಅದರಲ್ಲೇ ಇರಬೇಕು. ಅದರ ಜೊತೆ ಶಾಲೆಯ ಹೆಸರಿನಲ್ಲೇ ಸಿಮ್ಮು ಅಥವಾ ಫೈಬರ್ ಸಂಪರ್ಕ, ಅನುದಾನಕ್ಕೆ ಕೈ ಹಾಕದೆ ಬೇರೆ ದುಡ್ಡು. ಪ್ರತಿ ಕ್ಲಸ್ಟರಿಗೆ ಒಬ್ಬ ಡೇಟಾ ಆಪರೇಟರ್. ನಮ್ಮೂರುಗಳಲ್ಲಿ ಡಿಗ್ರಿ ಮುಗಿಸಿ ಸುಮ್ಮನೆ ಕೂತಿರುವ ಹೆಣ್ಣುಮಕ್ಕಳು, ಗಂಡುಮಕ್ಕಳು ಎಷ್ಟಿಲ್ಲ? ಕೆಟ್ಟರೆ ಇಷ್ಟು ದಿನದಲ್ಲಿ ರಿಪೇರಿ ಎಂದು ಬರೆದುಕೊಟ್ಟ ಒಪ್ಪಂದವೂ ಬೇಕು. ಎಸ್‌ಎಟಿಎಸ್‌ನಲ್ಲಿ ಒಮ್ಮೆ ತುಂಬಿದ್ದನ್ನು ಯುಡೈಸ್‌ಗೆ ಮತ್ತೆ ಕೈಯಲ್ಲಿ ತುಂಬಿಸುವ ಚಾಳಿ ಬಿಡಲಿ. ಎರಡು ಸರ್ಕಾರದ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ, ನಡುವೆ ಮೇಷ್ಟ್ರು ಯಾಕೆ? ಇಷ್ಟಾಗುವ ತನಕ ಹೊಸ ಆ್ಯಪು ಬೇಡ.

ಸ್ಮಾರ್ಟ್ ಬೋರ್ಡಿಗೆ ಟೇಪು ಕತ್ತರಿಸಿ ಫೋಟೊ ಹೊಡೆಸಿಕೊಳ್ಳುವ ಕಾರ್ಯಕ್ರಮಕ್ಕೆ ನಮ್ಮನ್ನೂ ಕರೆಯುತ್ತಾರೆ, ಹೋಗುತ್ತೇವೆ, ಸುದ್ದಿಯನ್ನೂ ಕಳಿಸುತ್ತೇವೆ. ಟೇಪು ಕತ್ತರಿಸುವ ಕೈಗಳು ಆರು ತಿಂಗಳು ಬಿಟ್ಟು ಆ ಬೋರ್ಡು ಹೊತ್ತಿಕೊಳ್ಳುತ್ತಿದೆಯೇ ಎಂದು ನೋಡಲು ಒಮ್ಮೆ ಬರಲಿ.

ಈಗ ನಿಮ್ಮ ಪಾಲಿನ ಕೆಲಸ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಎನ್ನುತ್ತದೆ ಕಾಯ್ದೆ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಹಕ್ಕು 22ನೇ ಸೆಕ್ಷನ್ನಿನಲ್ಲಿ ನಿಮ್ಮ ಸಮಿತಿಗೇ ಇದೆ, ಅನುದಾನಕ್ಕೆ ಅದೇ ಆಧಾರ ಆಗಬೇಕು. ಕಾಂಪೌಂಡು, ಬಣ್ಣ, ಗೇಟು ಎಂದು ಬರೆಯುವ ಕಡೆ ‘ಶಾಲೆಗೆ ಒಂದು ಕಂಪ್ಯೂಟರ್, ಒಂದು ಇಂಟರ್ನೆಟ್ ಸಂಪರ್ಕ’ ಎಂಬ ಒಂದು ಸಾಲು ಸೇರಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ. ಪಂಚಾಯಿತಿಯ ಫೈಬರನ್ನು ಶಾಲೆಗೆ ಎಳೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳಿ, ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಂದಲೇ ಕೇಳಿಸಿ. ಮೇಷ್ಟ್ರುಗಳ ಬಾಯಿಗೆ ಸೇವಾ ನಿಯಮದ ಬೀಗ ಇದೆ, ನಿಮ್ಮ ಬಾಯಿಗಿಲ್ಲ.

ಜೊತೆಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಕೇಳಬೇಕಾದ್ದು ಹೀಗೆ: ‘ನಿಮ್ಮ ವಲಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ಆಡಳಿತದ ಬಳಕೆಗೆಂದು ಕಳೆದ ಐದು ವರ್ಷಗಳಲ್ಲಿ ಇಲಾಖೆ ಕೊಟ್ಟ ಕಂಪ್ಯೂಟರ್, ಲ್ಯಾಪ್‌ಟಾಪ್, ಟ್ಯಾಬ್, ಮೊಬೈಲ್ ಫೋನ್‌ಗಳ ಸಂಖ್ಯೆಯನ್ನು ಶಾಲಾವಾರು ಕೊಡಿ. ಶಿಕ್ಷಕರು ಸ್ವಂತ ಫೋನ್ ಮತ್ತು ಡೇಟಾ ಬಳಸಿದ್ದಕ್ಕೆ ಕೊಟ್ಟ ಮೊತ್ತವೆಷ್ಟು?’ 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರದ ಫೋಟೊ ತೆಗೆದು ನಮಗೆ ಕಳಿಸಿ, ಯಾವ ವಲಯದ್ದು ಎಂದು ಮೇಲೆ ಬರೆಯಿರಿ. ಬಂದದ್ದು ಬಂದ ಹಾಗೆ ಇಲ್ಲೇ ಹಾಕುತ್ತೇವೆ. ಉತ್ತರ ಬಾರದಿದ್ದರೆ 31ನೇ ದಿನ ಅದನ್ನೂ ತಿಳಿಸಿ.